ಹಟ ಹಿಡಿದ ಬೀಗದ ಪಿನ್ನು: ಬಿಚ್ಚುವ ಕ್ರಮ ಮತ್ತು ಮರಳಿ ಕೂಡಿಸುವ ಹೊಣೆ

ವರ್ತಕನ ದಿನಚರಿ ಆರಂಭವಾಗುವುದು ಬೀಗ ತೆರೆಯುವುದರಿಂದ, ಮುಗಿಯುವುದು ಬೀಗ ಹಾಕುವುದರಿಂದ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರವಾಗಲಿ, ಚಿಂತಾಮಣಿಯ ಕೃಷಿ ಮಾರುಕಟ್ಟೆಯ ಮಂಡಿಯಾಗಲಿ, ಗೌರಿಬಿದನೂರಿನ ಗೋದಾಮಾಗಲಿ, ಹಿಂದೆ ಹೋಬಳಿ ಕೇಂದ್ರವಾಗಿದ್ದು ಈಗ ತಾಲ್ಲೂಕು ಕೇಂದ್ರವಾಗಿರುವ ಮಂಚೇನಹಳ್ಳಿಯ ಪೇಟೆಯ ಅಂಗಡಿಯಾಗಲಿ, ಎಲ್ಲ ಕಡೆಯೂ ಲಕ್ಷಾಂತರ ರೂಪಾಯಿಗಳ ಸರಕನ್ನು ರಾತ್ರಿಯಿಡೀ ಕಾಯುವುದು ಅಂಗೈಯಗಲದ ಒಂದು ಲೋಹದ ವಸ್ತು. ಹೀಗಿದ್ದರೂ ಸರಕಿನ ಬಗ್ಗೆ ವಹಿಸುವ ಎಚ್ಚರದ ನೂರರಲ್ಲೊಂದು ಪಾಲನ್ನೂ ಬೀಗದ ಬಗ್ಗೆ ವಹಿಸುವವರು ವಿರಳ. ಬೀಗದ ಕೈ ತಿರುಗುವುದು ಕಷ್ಟವಾದಾಗ, ಕೊಂಡಿ ಸಲೀಸಾಗಿ ಮೇಲೇಳದಿದ್ದಾಗ ಮಾತ್ರ ಅದರ ನೆನಪಾಗುತ್ತದೆ.

ಆಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಬೀಗವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ಮೊದಲನೆಯದು. ಸುತ್ತಿಗೆ, ಮೊಳೆಗಳ ಸಹಾಯದಿಂದ ಹೇಗೋ ಬಿಚ್ಚಿ, ಎಣ್ಣೆ ಸುರಿದು, ಕಳಚಿದ ಪಿನ್ನಿನ ಜಾಗದಲ್ಲಿ ಅದೇ ಮೊಳೆಯ ತುಂಡನ್ನು ಬಡಿದು ಮರಳಿ ಬಾಗಿಲಿಗೆ ಹಾಕುವುದು ಎರಡನೆಯದು. ಮೊದಲನೆಯದರಿಂದ ಆಗುವುದು ಕೆಲವು ನೂರು ರೂಪಾಯಿಗಳ ಖರ್ಚು ಮಾತ್ರ. ಎರಡನೆಯದರಿಂದ ಆಗಬಹುದಾದ ನಷ್ಟ ಬಹಳ ದೊಡ್ಡದು. ಆ ನಷ್ಟದ ಸ್ವರೂಪವನ್ನೂ, ಬೀಗದ ಪಿನ್ನನ್ನು ಕ್ರಮವಾಗಿ ತೆಗೆದು ಮರಳಿ ಕೂಡಿಸುವ ವಿಧಾನವನ್ನೂ ಇಲ್ಲಿ ವಿವರಿಸಲಾಗಿದೆ.

ಈ ಕ್ರಮವು ಸ್ವಂತ ಬೀಗಕ್ಕೆ, ಅದರ ಕೈ ಇರುವಾಗ, ಬೀಗವನ್ನು ತೆರೆದು ಬಾಗಿಲಿನಿಂದ ಬೇರ್ಪಡಿಸಿದ ನಂತರ ಅನ್ವಯಿಸತಕ್ಕದ್ದು ಎಂಬುದನ್ನು ಮೊದಲೇ ಹೇಳಬೇಕು. ಕೈ ಕಳೆದುಹೋದ ಬೀಗದ ವಿಷಯ ಬೇರೆ. ಅದಕ್ಕೆ ಪರಿಚಿತ ಬೀಗ ರಿಪೇರಿಯವರನ್ನು ಕರೆದು, ಮಾಲೀಕರ ಸಮ್ಮುಖದಲ್ಲಿಯೇ ಕೆಲಸ ಮಾಡಿಸುವುದು ಕ್ಷೇಮ.

ಪಿನ್ನಿನ ಕೆಲಸವೇನು?

ನಮ್ಮ ಪೇಟೆಗಳಲ್ಲಿ ಬಳಕೆಯಲ್ಲಿರುವ ಬೀಗಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ಮೊದಲನೆಯದು ಲಿವರ್ ಬೀಗ. ಕೈಯ ಹಲ್ಲುಗಳು ಒಳಗಿನ ಹಿತ್ತಾಳೆಯ ತಗಡುಗಳನ್ನು, ಅಂದರೆ ಲಿವರುಗಳನ್ನು, ಸರಿಯಾದ ಎತ್ತರಕ್ಕೆ ಎತ್ತಿದಾಗ ಮಾತ್ರ ಅಗಳಿ ಸರಿಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟು ಪಡೆದ ತತ್ತ್ವ ಇದು. ಅಲಿಗಢ ಮತ್ತು ದಿಂಡಿಗಲ್‌ಗಳ ಬೀಗದ ಉದ್ಯಮ ಬೆಳೆದದ್ದು ಬಹುಮಟ್ಟಿಗೆ ಈ ತತ್ತ್ವದ ಮೇಲೆಯೇ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಎರಡನೆಯದು ಸಿಲಿಂಡರ್ ಬೀಗ. ಅಮೆರಿಕದ ಲೈನಸ್ ಯೇಲ್ ಕಿರಿಯರು 1861ರಲ್ಲಿ ಪೇಟೆಂಟು ಪಡೆದ ಈ ಬಗೆಯಲ್ಲಿ ಚಪ್ಪಟೆ ಕೈಯ ಏರುತಗ್ಗುಗಳು ಸ್ಪ್ರಿಂಗಿನ ಮೇಲೆ ನಿಂತ ಸಣ್ಣ ಸಣ್ಣ ಪಿನ್ನುಗಳನ್ನು ಒಂದು ಸಾಲಿಗೆ ತರುತ್ತವೆ. ಆಗ ಸಿಲಿಂಡರಿನ ತಿರುಳು ತಿರುಗುತ್ತದೆ.

ಈ ಲೇಖನದ ವಿಷಯ ಸಿಲಿಂಡರಿನೊಳಗಿನ ಆ ಸಣ್ಣ ಪಿನ್ನುಗಳಲ್ಲ. ಬೀಗದ ಒಡಲು, ಮುಚ್ಚಳ, ಕೊಂಡಿ, ಸಿಲಿಂಡರ್ ಇವುಗಳನ್ನು ತಂತಮ್ಮ ಸ್ಥಾನದಲ್ಲಿ ಹಿಡಿದಿಡುವ ಪಿನ್ನುಗಳು. ಲಿವರ್ ಬೀಗದಲ್ಲಿ ಮುಚ್ಚಳದ ತಗಡನ್ನು ಒಡಲಿಗೆ ಬಂಧಿಸುವುದು ಇವೇ. ತೂಗುಬೀಗದಲ್ಲಿ ಕೊಂಡಿಯ ಉದ್ದನೆಯ ಕಾಲು ಹೊರಗೆ ಬಂದುಬಿಡದಂತೆ ತಡೆಯುವುದೂ, ಸಿಲಿಂಡರು ಒಡಲಿನಿಂದ ಜಾರದಂತೆ ನೋಡಿಕೊಳ್ಳುವುದೂ ಇವೇ. ರೋಲಿಂಗ್ ಷಟರಿನ ನಡುಬೀಗದಲ್ಲಿ ಕೈ ತಿರುಗಿಸಿದಾಗ ಎಡಬಲದ ಸರಳುಗಳನ್ನು ಚೌಕಟ್ಟಿನೊಳಕ್ಕೆ ತಳ್ಳುವ ತುಂಡನ್ನು ಅಕ್ಷಕ್ಕೆ ಬಿಗಿದಿರುವುದೂ ಇಂತಹ ಪಿನ್ನೇ. ಬೀಗದ ಲಿವರುಗಳು ಎಷ್ಟೇ ಇರಲಿ, ಈ ಪಿನ್ನು ಸಡಿಲವಾದರೆ ಬೀಗದ ಭದ್ರತೆ ಅಷ್ಟಕ್ಕೇ ನಿಲ್ಲುತ್ತದೆ.

ಪಿನ್ನು ಹಟ ಹಿಡಿಯುವುದೇಕೆ?

ಪಿನ್ನು ಬಾರದಿದ್ದಾಗ ಇನ್ನೂ ದೊಡ್ಡ ಸುತ್ತಿಗೆಯನ್ನು ಹುಡುಕುವುದು ಮನುಷ್ಯ ಸ್ವಭಾವ. ಆದರೆ ಪೆಟ್ಟಿನ ಬಲ ಸಾಲದೆ ಪಿನ್ನು ನಿಲ್ಲುವುದು ಅಪರೂಪ. ಕಾರಣಗಳು ಮುಖ್ಯವಾಗಿ ಐದು.

1. ತುಕ್ಕು: ಕಬ್ಬಿಣವು ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲ ಲೋಹದ ಎರಡು ಪಟ್ಟಿಗಿಂತಲೂ ಹೆಚ್ಚು. ರಂಧ್ರದೊಳಗೆ ಹಿಗ್ಗಲು ಅವಕಾಶವಿಲ್ಲದ ಕಾರಣ ಆ ತುಕ್ಕು ಬೆಣೆಯಂತೆ ಪಿನ್ನನ್ನು ಬಿಗಿಯುತ್ತದೆ. ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಗೂಡು ಬೇಯಿಸುವ ಬಾಣಲೆಗಳಿಂದ ಹಗಲಿಡೀ ಏಳುವ ಹಬೆ ರಾತ್ರಿ ತಣ್ಣಗಿನ ಬೀಗದ ಮೇಲೆ ನೀರಾಗಿ ಕೂರುತ್ತದೆ. ಅಲ್ಲಿನ ಬೀಗಗಳು ದಿನಸಿ ಅಂಗಡಿಯ ಬೀಗಗಳಿಗಿಂತ ಬೇಗ ತುಕ್ಕು ಹಿಡಿಯುವುದಕ್ಕೆ ಇದೇ ಕಾರಣ. ಹಿತ್ತಾಳೆಯ ಒಡಲಿನಲ್ಲಿ ಉಕ್ಕಿನ ಪಿನ್ನಿದ್ದರೆ ಎರಡು ಭಿನ್ನ ಲೋಹಗಳ ಸಂಪರ್ಕದಿಂದ ಉಕ್ಕು ಇನ್ನಷ್ಟು ಬೇಗ ಸವೆಯುತ್ತದೆ.

2. ಅಗಲಿಸಿದ ತುದಿ: ಅನೇಕ ತಯಾರಕರು ಪಿನ್ನನ್ನು ತೂರಿಸಿದ ಮೇಲೆ ಅದರ ತುದಿಯನ್ನು ಬಡಿದು ಅಗಲಿಸಿ, ಒಡಲಿನ ಮಟ್ಟಕ್ಕೆ ಅರದಿಂದ ಉಜ್ಜಿ, ಮೆರುಗು ಕೊಟ್ಟಿರುತ್ತಾರೆ. ಇದು ಹೊರಗಿನಿಂದ ಪಿನ್ನೆಂದೇ ತಿಳಿಯದಂತೆ ಮಾಡಿದ ರಿವೆಟ್ಟು.

3. ತಪ್ಪು ದಿಕ್ಕು: ಕೆಲವು ಪಿನ್ನುಗಳು ಒಂದೇ ದಿಕ್ಕಿನಲ್ಲಿ ಹೊರಬರುತ್ತವೆ. ಎದುರು ದಿಕ್ಕಿನಿಂದ ಹೊಡೆದಷ್ಟೂ ಅವು ಬಿಗಿಯಾಗುತ್ತವೆ.

4. ಆಸರೆಯಿಲ್ಲದ ಒಡಲು: ಬೀಗವನ್ನು ಕೈಯಲ್ಲಿ ಹಿಡಿದು ಅಥವಾ ಮೆತ್ತನೆಯ ಮಣ್ಣುನೆಲದ ಮೇಲಿಟ್ಟು ಹೊಡೆದರೆ ಪೆಟ್ಟಿನ ಶಕ್ತಿ ಬೀಗವನ್ನು ಅಲುಗಿಸುವುದರಲ್ಲಿಯೇ ವ್ಯರ್ಥವಾಗುತ್ತದೆ.

5. ಹಿಂದಿನ ರಿಪೇರಿ: ಹಿಂದೊಮ್ಮೆ ಯಾರೋ ಮೊಳೆಯಿಂದ ಹೊಡೆದು ಪಿನ್ನಿನ ತಲೆಯನ್ನು ಅಣಬೆಯಂತೆ ಅಗಲಿಸಿರುತ್ತಾರೆ. ಹಗುರ ಸುತ್ತಿಗೆಯಿಂದ ಹತ್ತಾರು ಸಲ ತಟ್ಟಿದರೆ ಆಗುವುದು ಇದೇ.

ಮೊದಲು ಪಿನ್ನಿನ ಜಾತಿ ತಿಳಿಯಬೇಕು

ಸುತ್ತಿಗೆ ಎತ್ತುವ ಮೊದಲು ಬೀಗದ ಎರಡೂ ಪಕ್ಕಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಸಣ್ಣ ಹರಳಿನ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜತಕ್ಕದ್ದು. ಬಣ್ಣವೂ ಕೊಳೆಯೂ ಹೋದ ಮೇಲೆ ಅಡಗಿದ್ದ ಪಿನ್ನುಗಳು ತೆಳುವಾದ ಉಂಗುರಗಳಂತೆ ಕಾಣಿಸಿಕೊಳ್ಳುತ್ತವೆ. ಆಗಲೂ ಕಾಣದಿದ್ದರೆ ಒಡಲಿಗೆ ತೆಳುವಾದ ಎಣ್ಣೆ ಸವರಿ, ಮೇಲ್ಮೈಯನ್ನು ಒಣಗಿಸಿ ಒರೆಸಿ, ಮರದ ಕೊಡತಿಯಿಂದ ಸುತ್ತಲೂ ತಟ್ಟಬೇಕು. ಸಂದಿಗೆ ಇಳಿದಿದ್ದ ಎಣ್ಣೆ ಪಿನ್ನಿನ ಅಂಚಿನಲ್ಲಿ ಕೂದಲೆಳೆಯಂತೆ ಹೊರಹೊಮ್ಮಿ ಅದರ ಸ್ಥಾನವನ್ನು ತೋರಿಸುತ್ತದೆ.

ಅನಂತರ ಪಿನ್ನಿನ ಜಾತಿಯನ್ನು ನಿರ್ಧರಿಸಬೇಕು.

ನೇರ ಪಿನ್ನು: ಎರಡೂ ತುದಿಗಳ ವ್ಯಾಸ ಒಂದೇ. ತುದಿ ಅಗಲಿಸಿರದಿದ್ದರೆ ಯಾವ ದಿಕ್ಕಿನಿಂದಲಾದರೂ ತಳ್ಳಬಹುದು. ಒಂದು ತುದಿ ಮಾತ್ರ ಅಗಲಿಸಿದ್ದರೆ ಅಗಲಿಸದ ಕಡೆಯಿಂದ ಹೊಡೆಯಬೇಕು; ಅಗಲಿಸಿದ ತಲೆಯೇ ಮುಂದಾಗಿ ಹೊರಬರಬೇಕು.

ಓರೆ ಪಿನ್ನು: ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಸಣ್ಣದಾಗುತ್ತದೆ. ಮೆಟ್ರಿಕ್ ಅಳತೆಯಲ್ಲಿ ಇದರ ಓರೆ 50ಕ್ಕೆ 1. ಅಂದರೆ 20 ಮಿ.ಮೀ. ಉದ್ದದ ಪಿನ್ನಿನ ಎರಡು ತುದಿಗಳ ವ್ಯಾಸದಲ್ಲಿ 0.4 ಮಿ.ಮೀ. ವ್ಯತ್ಯಾಸವಿರುತ್ತದೆ. ಬರಿಗಣ್ಣಿಗೆ ಇದು ಗೊತ್ತಾಗುವುದು ಕಷ್ಟ. ವರ್ನಿಯರ್ ಕ್ಯಾಲಿಪರಿನಿಂದ ಎರಡೂ ತುದಿಗಳನ್ನು ಅಳೆಯಬೇಕು. ಸಣ್ಣ ತುದಿಯಿಂದ ಹೊಡೆದರೆ ಒಂದೆರಡು ಪೆಟ್ಟಿಗೆ ಸಡಿಲಾಗುವ ಪಿನ್ನು, ದೊಡ್ಡ ತುದಿಯಿಂದ ಹೊಡೆದರೆ ಎಂದಿಗೂ ಬಾರದು.

ಗೆರೆ ಕೊರೆದ ಪಿನ್ನು: ಒಂದು ತುದಿಯಲ್ಲಿ ಮಾತ್ರ ಉದ್ದುದ್ದನೆಯ ಗೆರೆಗಳಿದ್ದು ಅವು ರಂಧ್ರದ ಗೋಡೆಯನ್ನು ಕಚ್ಚಿಕೊಂಡಿರುತ್ತವೆ. ಗೆರೆಯಿಲ್ಲದ ನುಣುಪು ತುದಿಯಿಂದ ಹೊಡೆದು, ಗೆರೆಯುಳ್ಳ ತುದಿ ಮೊದಲು ಹೊರಬರುವಂತೆ ಮಾಡಬೇಕು.

ಸುರುಳಿ ಪಿನ್ನು: ಉಕ್ಕಿನ ತಗಡನ್ನು ಕೊಳವೆಯಂತೆ ಸುತ್ತಿ ಉದ್ದಕ್ಕೆ ಸೀಳು ಬಿಟ್ಟಿರುವ ಈ ಪಿನ್ನಿಗೆ ‘ರೋಲ್ ಪಿನ್’ ಎಂಬ ಹೆಸರೇ ರೂಢಿಯಲ್ಲಿದೆ. 3 ಮಿ.ಮೀ. ರಂಧ್ರಕ್ಕೆ ಹಾಕುವ ಪಿನ್ನಿನ ಹೊರವ್ಯಾಸ ಬಿಡಿಯಾಗಿದ್ದಾಗ 3.3ರಿಂದ 3.5 ಮಿ.ಮೀ. ಇರುತ್ತದೆ, ಒತ್ತಿ ತೂರಿಸಿದಾಗ ತನ್ನ ಸ್ಪ್ರಿಂಗಿನ ಬಲದಿಂದಲೇ ಅದು ಗೋಡೆಯನ್ನು ಹಿಡಿಯುತ್ತದೆ. ಚೂಪು ಮೊಳೆಯಿಂದ ಹೊಡೆದರೆ ಮೊಳೆ ಕೊಳವೆಯೊಳಕ್ಕೆ ಹೊಕ್ಕು ಪಿನ್ನನ್ನು ಹಿಗ್ಗಿಸಿ ಇನ್ನಷ್ಟು ಬಿಗಿ ಮಾಡುತ್ತದೆ.

ಕುರುಡು ಪಿನ್ನು: ರಂಧ್ರ ಒಂದೇ ಕಡೆ ತೆರೆದಿದ್ದು ಇನ್ನೊಂದು ಕಡೆ ಮುಚ್ಚಿರುತ್ತದೆ. ಇದನ್ನು ಹೊಡೆದು ತೆಗೆಯುವುದು ಸಾಧ್ಯವೇ ಇಲ್ಲ, ಎಳೆದೇ ತೆಗೆಯಬೇಕು.

ಇವಲ್ಲದೆ ಹಲವು ಸಿಲಿಂಡರ್ ತೂಗುಬೀಗಗಳಲ್ಲಿ ಪಿನ್ನಿನ ಬದಲು ಒಂದು ಸಣ್ಣ ತಿರುಪು ಇರುತ್ತದೆ. ಕೊಂಡಿಯನ್ನು ತೆರೆದು, ಅದರ ಗಿಡ್ಡ ಕಾಲು ಕೂರುವ ಕುಳಿಯೊಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಅದು ಕಾಣುತ್ತದೆ. ತಿರುಪನ್ನು ಪಿನ್ನೆಂದು ಭಾವಿಸಿ ಬಡಿದು ಬೀಗ ಕೆಡಿಸುವುದೂ ಉಂಟು. ಆದ್ದರಿಂದ ನೋಡುವುದು ಮೊದಲು, ಹೊಡೆಯುವುದು ಆಮೇಲೆ.

ಬೇಕಾಗುವ ಸಲಕರಣೆಗಳು

ಬೆಂಚ್ ವೈಸ್, 200ರಿಂದ 300 ಗ್ರಾಂ ತೂಕದ ಗುಂಡುತಲೆಯ ಸುತ್ತಿಗೆ, ಎರಡು ಬಗೆಯ ಪಂಚುಗಳು, ರಂಧ್ರವಿರುವ ಗಟ್ಟಿ ಮರದ ಅಥವಾ ಉಕ್ಕಿನ ದಿಮ್ಮಿ, ತುಕ್ಕು ಬಿಡಿಸುವ ತೆಳು ಎಣ್ಣೆ, ಕಣ್ಣಿಗೆ ರಕ್ಷಣಾ ಕನ್ನಡಕ, ಒಂದು ಬಿಳಿಯ ತಟ್ಟೆ. ಇಷ್ಟಿದ್ದರೆ ಸಾಕು.

ಪಂಚುಗಳ ವಿಷಯದಲ್ಲಿ ಒಂದು ಮಾತು. ಮೊದಲ ಬಗೆ ಗಿಡ್ಡ ಮತ್ತು ಓರೆಯಾದದ್ದು. ಅದು ಬಾಗುವುದಿಲ್ಲವಾದ್ದರಿಂದ ಕಚ್ಚಿಕೊಂಡ ಪಿನ್ನನ್ನು ಮೊದಲ ಬಾರಿಗೆ ಅಲುಗಿಸಲು ಅದೇ ಬೇಕು. ಎರಡನೆಯದು ಉದ್ದಕ್ಕೂ ಒಂದೇ ವ್ಯಾಸವುಳ್ಳದ್ದು. ಅಲುಗಿದ ಪಿನ್ನನ್ನು ಪೂರ್ಣ ಹೊರದಬ್ಬಲು ಇದು ಬೇಕು. ಇದರ ವ್ಯಾಸ ಪಿನ್ನಿಗಿಂತ 0.1ರಿಂದ 0.2 ಮಿ.ಮೀ. ಕಡಿಮೆಯಿರಬೇಕು. ಹೆಚ್ಚು ಸಣ್ಣದಾದರೆ ಪಿನ್ನಿನ ಮಧ್ಯೆ ಗುಳಿ ಬಿದ್ದು ಅಂಚು ಅಗಲವಾಗುತ್ತದೆ. ರೋಲ್ ಪಿನ್ನಿಗೆ ತುದಿಯ ನಡುವೆ ಸಣ್ಣ ಗುಬ್ಬಿಯಿರುವ ಪಂಚು ದೊರೆಯುತ್ತದೆ. ಗುಬ್ಬಿ ಕೊಳವೆಯೊಳಗೆ ಕೂತು ಪಂಚು ಜಾರದಂತೆ ತಡೆಯುತ್ತದೆ. ಮೊಳೆಯ ತುದಿಯನ್ನು ಚಪ್ಪಟೆ ಮಾಡಿ ಪಂಚಾಗಿ ಬಳಸುವ ರೂಢಿ ಎಲ್ಲ ಕಡೆಯೂ ಇದೆ. ಆದರೆ ಮೊಳೆ ಮೆದು ಉಕ್ಕಿನದು. ಪಿನ್ನು ಅಲುಗುವ ಮೊದಲು ಮೊಳೆಯೇ ಬಾಗುತ್ತದೆ, ಇಲ್ಲವೇ ರಂಧ್ರದೊಳಗೆ ಹಿಗ್ಗಿ ಸಿಕ್ಕಿಕೊಳ್ಳುತ್ತದೆ.

ತೆಗೆಯುವ ಕ್ರಮ

ಒಂದನೆಯದಾಗಿ, ಎಣ್ಣೆ ಮತ್ತು ಕಾಲಾವಕಾಶ. ಪಿನ್ನಿನ ಎರಡೂ ತುದಿಗಳಿಗೆ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಬೀಗವನ್ನು ಒಂದು ರಾತ್ರಿ ಹಾಗೆಯೇ ಇಡಬೇಕು. ಎಂಜಿನ್ ಎಣ್ಣೆ ದಪ್ಪವಾದ್ದರಿಂದ ಸಂದಿಗೆ ಇಳಿಯದು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಕಾಲಕ್ರಮೇಣ ಅಂಟಾಗಿ ಹೊಸ ತೊಂದರೆ ತರುತ್ತವೆ. ನಡುನಡುವೆ ಸುತ್ತಿಗೆಯಿಂದ ಪಿನ್ನಿನ ತಲೆಯನ್ನಲ್ಲ, ಅದರ ಸುತ್ತಲಿನ ಒಡಲನ್ನು ಹಗುರವಾಗಿ ತಟ್ಟಿದರೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ.

ಎರಡನೆಯದಾಗಿ, ಆಸರೆ. ಪಿನ್ನು ಹೊರಬರಬೇಕಾದ ರಂಧ್ರದ ನೇರ ಕೆಳಗೆ ದಿಮ್ಮಿಯ ರಂಧ್ರ ಬರುವಂತೆ ಬೀಗವನ್ನು ಇಡಬೇಕು. ಉಳಿದ ಒಡಲು ದಿಮ್ಮಿಗೆ ಪೂರ್ತಿ ತಾಗಿರಬೇಕು. ದಿಮ್ಮಿಯು ಗಟ್ಟಿಯಾದ ಮೇಜಿನ ಅಥವಾ ಅಡಿಗಲ್ಲಿನ ಮೇಲಿರಬೇಕು. ಬಾರದ ಪಿನ್ನುಗಳಲ್ಲಿ ಹೆಚ್ಚಿನವು ಈ ಒಂದು ಬದಲಾವಣೆಯಿಂದಲೇ ಬರುತ್ತವೆ.

ಮೂರನೆಯದಾಗಿ, ಪೆಟ್ಟು. ಗಿಡ್ಡ ಪಂಚನ್ನು ಪಿನ್ನಿನ ನಟ್ಟನಡುವೆ ನೆಟ್ಟಗೆ ನಿಲ್ಲಿಸಿ, ತೂಕದ ಸುತ್ತಿಗೆಯಿಂದ ಚಿಕ್ಕದಾದ, ಖಚಿತವಾದ ಒಂದು ಪೆಟ್ಟು ಕೊಡಬೇಕು. ಹಗುರ ಸುತ್ತಿಗೆಯ ಇಪ್ಪತ್ತು ಪೆಟ್ಟು ಪಿನ್ನಿನ ತಲೆಯನ್ನು ಅಗಲಿಸುತ್ತದೆ. ತೂಕದ ಸುತ್ತಿಗೆಯ ಒಂದು ಪೆಟ್ಟು ಪಿನ್ನನ್ನು ಸರಿಸುತ್ತದೆ. ಮೂರು ನಾಲ್ಕು ಪೆಟ್ಟಿಗೂ ಅಲುಗದಿದ್ದರೆ ನಿಲ್ಲಿಸಿ, ಪಿನ್ನಿನ ಜಾತಿಯನ್ನೂ ದಿಕ್ಕನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ನಾಲ್ಕನೆಯದಾಗಿ, ಪಿನ್ನು ಸ್ವಲ್ಪ ಸರಿದ ಕೂಡಲೇ ಉದ್ದನೆಯ ಪಂಚಿಗೆ ಬದಲಾಯಿಸಬೇಕು. ಓರೆ ಪಂಚಿನಿಂದಲೇ ಮುಂದುವರಿದರೆ ಅದು ರಂಧ್ರದಲ್ಲಿ ಬೆಣೆಯಾಗಿ ಸಿಕ್ಕಿಕೊಂಡು ರಂಧ್ರವನ್ನು ಹಿಗ್ಗಿಸುತ್ತದೆ.

ಇಷ್ಟಕ್ಕೂ ಬಾರದಿದ್ದರೆ

ಬಿಸಿ: ಹಿತ್ತಾಳೆಯು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದರೆ ಹಿತ್ತಾಳೆಯು ದಶಲಕ್ಷದಲ್ಲಿ ಸುಮಾರು 19 ಭಾಗ, ಉಕ್ಕು ಸುಮಾರು 12 ಭಾಗ ಹಿಗ್ಗುತ್ತವೆ. ಹಿತ್ತಾಳೆ ಒಡಲಿನಲ್ಲಿ 4 ಮಿ.ಮೀ. ಉಕ್ಕಿನ ಪಿನ್ನಿದ್ದು, ಬೀಗವನ್ನು ಕುದಿನೀರಿನಲ್ಲಿ ಇಟ್ಟು ಸುಮಾರು 70 ಡಿಗ್ರಿ ಬಿಸಿ ಏರಿಸಿದರೆ ರಂಧ್ರವು ಪಿನ್ನಿಗಿಂತ ಸುಮಾರು 0.002 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಕಣ್ಣಿಗೆ ಕಾಣದ ಈ ಅಂತರವೇ ತುಕ್ಕಿನ ಹಿಡಿತವನ್ನು ಸಡಿಲಿಸಲು ಅನೇಕ ವೇಳೆ ಸಾಕಾಗುತ್ತದೆ. ಹತ್ತು ನಿಮಿಷ ಕುದಿಸಿ, ದಪ್ಪ ಬಟ್ಟೆಯಲ್ಲಿ ಹಿಡಿದು ತೆಗೆದು, ಬಿಸಿಯಿರುವಾಗಲೇ ಹೊಡೆಯಬೇಕು. ಒಡಲೂ ಪಿನ್ನೂ ಉಕ್ಕಿನದೇ ಆದರೆ ಎರಡೂ ಸಮನಾಗಿ ಹಿಗ್ಗುವುದರಿಂದ ಕುದಿಸುವುದರಿಂದ ಅಷ್ಟು ಪ್ರಯೋಜನವಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸೀಮೆಎಣ್ಣೆ ಅಥವಾ ತುಕ್ಕಿನ ಎಣ್ಣೆ ಸವರಿದ ಬೀಗಕ್ಕೆ ಎಂದೂ ಬೆಂಕಿಯ ಜ್ವಾಲೆ ತಾಗಿಸಬಾರದು. ಅಗ್ಗದ ಬೀಗಗಳಲ್ಲಿ ಹಿತ್ತಾಳೆಯ ಬಣ್ಣ ಬಳಿದ ಸತುವಿನ ಮಿಶ್ರಲೋಹದ ಒಡಲು ಇರುವುದು ಸಾಮಾನ್ಯ. ಅದು 380ರಿಂದ 390 ಡಿಗ್ರಿಗೇ ಕರಗತೊಡಗುತ್ತದೆ. ಗ್ಯಾಸ್ ಜ್ವಾಲೆಗೆ ಹಿಡಿದರೆ ಒಡಲು ಕುಸಿಯುವುದು ಕ್ಷಣಗಳ ಮಾತು. ಗಡಸುಗೊಳಿಸಿದ ಉಕ್ಕಿನ ಕೊಂಡಿಯೂ ಜ್ವಾಲೆಗೆ ಸಿಕ್ಕರೆ ಗಡಸು ಕಳೆದುಕೊಂಡು ಗರಗಸಕ್ಕೆ ಸುಲಭದ ತುತ್ತಾಗುತ್ತದೆ.

ಒತ್ತುವುದು: ಪೆಟ್ಟಿಗೆ ಬಗ್ಗದ ಪಿನ್ನು ಕೆಲವೊಮ್ಮೆ ನಿಧಾನವಾದ ಒತ್ತಡಕ್ಕೆ ಬಗ್ಗುತ್ತದೆ. ವೈಸಿನ ಒಂದು ದವಡೆಯ ಕಡೆ ಪಿನ್ನಿಗಿಂತ ಸಣ್ಣದಾದ ಗಿಡ್ಡ ಉಕ್ಕಿನ ಕಡ್ಡಿಯನ್ನೂ, ಇನ್ನೊಂದು ಕಡೆ ಪಿನ್ನು ಹೊರಬರಲು ಎಡೆಯಿರುವಂತೆ ಒಂದು ನಟ್ಟನ್ನೂ ಇಟ್ಟು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಸತುವಿನ ಒಡಲಿನ ಬೀಗಕ್ಕೆ ಪೆಟ್ಟಿಗಿಂತ ಇದೇ ಸುರಕ್ಷಿತ.

ಕೊರೆಯುವುದು: ತುದಿ ಅಗಲಿಸಿದ ಪಿನ್ನಿಗೆ ಇದು ಸೂಕ್ತ ಮಾರ್ಗ. ಅರದಿಂದ ತಲೆಯನ್ನು ಮಟ್ಟ ಮಾಡಿ, ಸೆಂಟರ್ ಪಂಚಿನಿಂದ ನಟ್ಟನಡುವೆ ಗುರುತು ಹಾಕಿ, ಮೊದಲು 1.5 ಮಿ.ಮೀ. ಡ್ರಿಲ್ಲಿನಿಂದ, ನಂತರ ಪಿನ್ನಿಗಿಂತ ತುಸು ಸಣ್ಣ ಡ್ರಿಲ್ಲಿನಿಂದ ಅಗಲಿಸಿದ ತಲೆಯ ಆಳದಷ್ಟು ಮಾತ್ರ ಕೊರೆಯಬೇಕು. ಪಿನ್ನನ್ನು ಪೂರ್ಣ ಕೊರೆದು ಹಾಕುವುದು ಇದರ ಉದ್ದೇಶವಲ್ಲ. ತಲೆ ಹೋದ ಮೇಲೆ ಉಳಿದದ್ದು ಪಂಚಿಗೆ ಬರುತ್ತದೆ. ಡ್ರಿಲ್ಲು ಗುರಿ ತಪ್ಪಿದರೆ ಮೆತ್ತಗಿನ ಹಿತ್ತಾಳೆಯ ಕಡೆಗೇ ಓಡುತ್ತದೆ, ಆಗ ಬೀಗದ ರಂಧ್ರವೇ ಕೆಡುತ್ತದೆ. ಅರವು ಪಿನ್ನಿನ ಮೇಲೆ ಕಚ್ಚದೆ ಜಾರುತ್ತಿದ್ದರೆ ಅದು ಗಡಸು ಪಿನ್ನು. ಸಾಧಾರಣ ಡ್ರಿಲ್ಲಿಗೆ ಬಗ್ಗದು. ಅಲ್ಲಿಗೆ ಪ್ರಯತ್ನ ನಿಲ್ಲಿಸಿ ನುರಿತ ಫಿಟ್ಟರ್ ಬಳಿಗೆ ಒಯ್ಯುವುದು ಲೇಸು.

ಎಳೆಯುವುದು: ಕುರುಡು ಪಿನ್ನಿನ ನಡುವೆ ಸಣ್ಣ ರಂಧ್ರ ಕೊರೆದು, ಟ್ಯಾಪಿನಿಂದ ಮರೆ ಹಾಕಿ, ತಿರುಪನ್ನು ಕೂರಿಸಬೇಕು. ತಿರುಪಿನ ಮೇಲೆ ಪಿನ್ನಿಗಿಂತ ಅಗಲವಾದ ಕೊಳವೆಯ ತುಂಡನ್ನೂ ವಾಷರನ್ನೂ ಇಟ್ಟು ನಟ್ಟನ್ನು ಬಿಗಿಯುತ್ತ ಹೋದರೆ ಪಿನ್ನು ತಾನಾಗಿ ಮೇಲೇಳುತ್ತದೆ.

ಮುಚ್ಚಳ ತೆರೆಯುವಾಗ

ಪಿನ್ನು ಬಂದ ಸಂತೋಷದಲ್ಲಿ ಮುಚ್ಚಳವನ್ನು ಕೂಡಲೇ ಎತ್ತಬಾರದು. ಒಳಗಿನ ಸ್ಪ್ರಿಂಗುಗಳು ಹಾರಿ ಕಣ್ಣಿಗೆ ತಗುಲಬಹುದು, ಇಲ್ಲವೇ ಮತ್ತೆ ಸಿಗದಂತೆ ಮಾಯವಾಗಬಹುದು. ಬೀಗವನ್ನು ಬಿಳಿಯ ತಟ್ಟೆಯಲ್ಲಿಟ್ಟು, ಮೇಲೆ ತೆಳು ಬಟ್ಟೆ ಹೊದಿಸಿ, ಮುಚ್ಚಳವನ್ನು ನಿಧಾನವಾಗಿ ಎತ್ತಬೇಕು. ಮೊಬೈಲ್ ಫೋನಿನಿಂದ ಪ್ರತಿ ಹಂತದ ಚಿತ್ರ ತೆಗೆದುಕೊಳ್ಳುವುದು ಇಂದು ಸುಲಭ. ಲಿವರುಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ತಂತಿಗೆ ಪೋಣಿಸಿಡಬೇಕು. ಕ್ರಮ ತಪ್ಪಿದರೆ ಬೀಗ ತನ್ನದೇ ಕೈಗೆ ತೆರೆಯದು. ಸಿಲಿಂಡರಿನ ತಿರುಳನ್ನು ಮಾತ್ರ ಅನುಭವವಿಲ್ಲದವರು ಎಳೆಯಬಾರದು. ಸಣ್ಣ ಪಿನ್ನುಗಳೂ ಸ್ಪ್ರಿಂಗುಗಳೂ ಒಂದೇ ಕ್ಷಣದಲ್ಲಿ ಚೆಲ್ಲಿಹೋಗುತ್ತವೆ.

ಲಿವರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು. ಅರ ಅಥವಾ ಉಪ್ಪುಕಾಗದ ತಾಗಿಸಬಾರದು. ಕೂದಲೆಳೆಯಷ್ಟು ಸವೆದರೂ ಕೈಯ ಅಳತೆಗೂ ಲಿವರಿನ ಅಳತೆಗೂ ಹೊಂದಾಣಿಕೆ ತಪ್ಪುತ್ತದೆ. ಸಿಲಿಂಡರಿಗೆ ಎಣ್ಣೆಗಿಂತ ಗ್ರಾಫೈಟ್ ಪುಡಿ ಉತ್ತಮ. ಎಣ್ಣೆಯು ಪೇಟೆಯ ಧೂಳನ್ನು ಹಿಡಿದು ಮತ್ತೆ ಕೆಸರಾಗುತ್ತದೆ.

ಮರಳಿ ಕೂಡಿಸುವುದು

ಕೆಲಸದ ಮುಖ್ಯ ಭಾಗ ಇದು. ತೆಗೆದ ಪಿನ್ನು ತುಕ್ಕು ಹಿಡಿದು ಸವೆದಿದ್ದರೆ, ಬಾಗಿದ್ದರೆ ಅಥವಾ ತಲೆ ಕೊರೆದದ್ದಾದರೆ ಅದನ್ನು ಮತ್ತೆ ಬಳಸಬಾರದು. ರೋಲ್ ಪಿನ್ನನ್ನು ಒಮ್ಮೆ ತೆಗೆದ ಮೇಲೆ ಹೊಸದನ್ನೇ ಹಾಕುವುದು ಒಳ್ಳೆಯದು. ಹೊಸ ಪಿನ್ನಿನ ವ್ಯಾಸವನ್ನು ಹಳೆಯ ಪಿನ್ನಿನಿಂದಲ್ಲ, ರಂಧ್ರದಿಂದ ಅಳೆಯಬೇಕು. ತುಕ್ಕು ತಿಂದ ಪಿನ್ನು ತನ್ನ ಮೂಲ ಅಳತೆಯನ್ನು ಹೇಳುವುದಿಲ್ಲ. ರಂಧ್ರವು ಅಂಡಾಕಾರವಾಗಿದ್ದರೆ ರೀಮರಿನಿಂದ ಮುಂದಿನ ಅಳತೆಗೆ ದುಂಡಗೆ ಮಾಡಿಸಿ, ಅದಕ್ಕೆ ತಕ್ಕ ಪಿನ್ನನ್ನು ಹಾಕಿಸಬೇಕು.

ಹಿಂದೆ ತುದಿ ಅಗಲಿಸಿದ್ದ ಪಿನ್ನಾದರೆ ಹೊಸ ಪಿನ್ನಿಗೂ ಎರಡೂ ತುದಿ ಅಗಲಿಸಿ, ಅರದಿಂದ ಮಟ್ಟ ಮಾಡತಕ್ಕದ್ದು. ಬೆರಳಿನಿಂದ ಒತ್ತಿದರೆ ಒಳಹೋಗುವ ಪಿನ್ನು ಪಿನ್ನಲ್ಲ. ಕೂಡಿಸಿದ ಬೀಗವನ್ನು ಬಾಗಿಲಿಗೆ ಹಾಕುವ ಮೊದಲು ಇಪ್ಪತ್ತು ಸಲ ತೆರೆದು ಮುಚ್ಚಿ, ಎರಡೂ ಪಕ್ಕಗಳಿಂದ ಕೊಡತಿಯಲ್ಲಿ ತಟ್ಟಿ, ಪಿನ್ನು ಸ್ವಲ್ಪವಾದರೂ ಸರಿಯುವುದೇ ಎಂದು ನೋಡಬೇಕು.

ವಿಮೆಯ ದೃಷ್ಟಿಯಿಂದ

ಪಿನ್ನಿನ ಜಾಗದಲ್ಲಿ ಮೊಳೆಯ ತುಂಡು ಬಡಿದ ಬೀಗ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಕೈಗೂ ಸ್ಪಂದಿಸುತ್ತದೆ. ಆದರೆ ಅದನ್ನು ಬೇರ್ಪಡಿಸಲು ಬಲ ಬೇಕಿಲ್ಲ, ಬೇರ್ಪಡಿಸಿದ ಗುರುತೂ ಉಳಿಯುವುದಿಲ್ಲ. ವರ್ತಕನಿಗೆ ದೊಡ್ಡ ಅಪಾಯವಿರುವುದು ಈ ಎರಡನೆಯ ಸಂಗತಿಯಲ್ಲಿ.

ಅಂಗಡಿ, ಗೋದಾಮುಗಳಿಗೆ ತೆಗೆದುಕೊಳ್ಳುವ ಕನ್ನಗಳವು ವಿಮೆಯು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಪರಿಹಾರ ಕೊಡುತ್ತದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿತು. ಪಾಲಿಸಿಯಲ್ಲಿ ಕನ್ನಗಳವಿಗೆ ಯಾವ ವ್ಯಾಖ್ಯೆ ಕೊಟ್ಟಿದೆಯೋ ಅದನ್ನೇ ಅನುಸರಿಸಬೇಕು, ಬಲಪ್ರಯೋಗ ಅಥವಾ ಹಿಂಸೆಯ ಅಂಶವಿಲ್ಲದ ಕಳವು ಅಂತಹ ಪಾಲಿಸಿಯ ವ್ಯಾಪ್ತಿಗೆ ಬಾರದು ಎಂಬುದು ತೀರ್ಪಿನ ಸಾರ. ಬೀಗ ಒಡೆದ, ತಗಡು ಬಾಗಿದ, ಕೊಂಡಿ ಕತ್ತರಿಸಿದ ಗುರುತುಗಳಿದ್ದರೆ ಸರ್ವೇಯರ್ ವರದಿಯಲ್ಲಿ ಅವು ದಾಖಲಾಗುತ್ತವೆ. ಸಡಿಲ ಪಿನ್ನು ಜಾರಿ ಸದ್ದಿಲ್ಲದೆ ಬಿಚ್ಚಿಕೊಂಡ ಬೀಗದಲ್ಲಿ ಅಂತಹ ಗುರುತು ಇಲ್ಲದಿರಬಹುದು. ಆಗ ಕ್ಲೇಮು ವಿವಾದಕ್ಕೆ ಸಿಲುಕುವ ಸಂಭವ ಹೆಚ್ಚು. ಐದು ರೂಪಾಯಿಯ ಮೊಳೆ ಉಳಿಸಿದ ಹಣದ ನಿಜವಾದ ಬೆಲೆ ಆಗ ತಿಳಿಯುತ್ತದೆ.

ಆದ್ದರಿಂದ ಗೋದಾಮಿನ ಬೀಗ ರಿಪೇರಿ ಮಾಡಿಸಿದಾಗ ದಿನಾಂಕವುಳ್ಳ ರಸೀದಿ ಪಡೆದು, ಅದನ್ನು ಪಾಲಿಸಿಯ ಕಡತದಲ್ಲಿಯೇ ಇಡುವುದು ಒಳ್ಳೆಯ ಪದ್ಧತಿ. ಪಾಲಿಸಿಯ ಷರತ್ತುಗಳಲ್ಲಿ ಬೀಗದ ಬಗ್ಗೆ ಏನಿದೆಯೆಂದು ನವೀಕರಣದ ಸಮಯದಲ್ಲಿ ಓದಿ ತಿಳಿಯುವುದೂ ಅವಶ್ಯಕ.

ಕೈ ಹಾಕಬಾರದ ಬೀಗಗಳು

ಬ್ಯಾಂಕಿಗೆ ಅಡಮಾನವಿಟ್ಟ ಸರಕು ಬ್ಯಾಂಕಿನ ಬೀಗದಡಿಯಲ್ಲಿರುವ ಗೋದಾಮಿನಲ್ಲಿ, ಬೀಗ ಎಷ್ಟೇ ತುಕ್ಕು ಹಿಡಿದಿರಲಿ, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬಾರದು. ತಿಜೋರಿಯ ಬೀಗವೂ ಹಾಗೆಯೇ. ಕೆಲವು ತಿಜೋರಿಗಳಲ್ಲಿ ಪಿನ್ನು ಅಥವಾ ತಗಡು ಸ್ಥಾನ ತಪ್ಪಿದ ಕೂಡಲೇ ಇನ್ನೊಂದು ಅಗಳಿ ತಾನಾಗಿ ಬೀಳುವ ವ್ಯವಸ್ಥೆ ಇರುತ್ತದೆ. ಅದು ಬಿದ್ದರೆ ಅಸಲಿ ಕೈಯಿಂದಲೂ ಬಾಗಿಲು ತೆರೆಯದು. ಇದು ತಯಾರಕ ಕಂಪನಿಯ ತಂತ್ರಜ್ಞರ ಕೆಲಸ. ಇನ್ನು ತೀರ ಅಗ್ಗದ ಬೀಗಕ್ಕೆ ರಿಪೇರಿಯ ಕೂಲಿಯೇ ಹೊಸ ಬೀಗದ ಬೆಲೆಯನ್ನು ಮೀರುತ್ತದೆ. ಅದನ್ನು ಬದಲಾಯಿಸುವುದೇ ಲೆಕ್ಕಕ್ಕೆ ಸರಿ. ಒಳ್ಳೆಯ ಹಿತ್ತಾಳೆಯ ಲಿವರ್ ಬೀಗ, ಷಟರಿನ ನಡುಬೀಗ, ಬಾಗಿಲಿಗೆ ಹೂತ ಬೀಗ ಇವು ಮಾತ್ರ ರಿಪೇರಿಯ ಶ್ರಮಕ್ಕೆ ಯೋಗ್ಯ.

ಮುಂಜಾಗ್ರತೆ

ಪಿನ್ನು ಹಟ ಹಿಡಿಯದಂತೆ ನೋಡಿಕೊಳ್ಳುವುದು ಅದನ್ನು ತೆಗೆಯುವುದಕ್ಕಿಂತ ಸುಲಭ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬೀಗವನ್ನು ಒರೆಸಿ, ಪಿನ್ನುಗಳ ತುದಿಗೂ ಕೊಂಡಿಯ ಕುಳಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟರೆ ಸಾಕು. ಹಬೆಯಿರುವ ರೇಷ್ಮೆ ಘಟಕಗಳಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡಬೇಕು. ಬಾಗಿಲಿನ ಹೊರಗಿರುವ ಬೀಗಕ್ಕೆ ರಬ್ಬರಿನ ಅಥವಾ ತಗಡಿನ ಚಿಕ್ಕ ಮುಸುಕು ಹೊದಿಸುವುದರಿಂದ ಮಳೆಯ ನೀರು ನೇರವಾಗಿ ಬೀಳುವುದು ತಪ್ಪುತ್ತದೆ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಆರಂಭವಾಯಿತು. ವ್ಯಾಪಾರಕ್ಕೂ ಕುಶಲಕರ್ಮಕ್ಕೂ ಇರುವ ನಂಟು ಈ ನೆಲಕ್ಕೆ ಹೊಸದಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಫಿಟ್ಟರ್ ವಿದ್ಯೆ ಕಲಿತು ಬರುವ ಯುವಕರಿಗೆ ಪಂಚು, ರೀಮರು, ಪಿನ್ನುಗಳ ಕೆಲಸ ಪಠ್ಯದ ಭಾಗವೇ ಆಗಿದೆ. ಪೇಟೆಯ ವರ್ತಕ ಸಂಘಗಳು ಅಂತಹವರಿಂದ ವರ್ಷಕ್ಕೊಮ್ಮೆ ಬೀಗಗಳ ತಪಾಸಣೆ ಮಾಡಿಸಿದರೆ ಅವರಿಗೂ ದುಡಿಮೆಯಾಗುತ್ತದೆ, ಅಂಗಡಿಗಳಿಗೂ ಭದ್ರತೆ ದೊರೆಯುತ್ತದೆ. ಪಿನ್ನಿನ ಜಾತಿ, ದಿಕ್ಕು, ಆಸರೆ ಈ ಮೂರನ್ನು ಅರಿತವನಿಗೆ ಹಟಮಾರಿ ಪಿನ್ನು ಅಪರೂಪ. ತೆಗೆದ ಜಾಗಕ್ಕೆ ಸರಿಯಾದ ಪಿನ್ನನ್ನೇ ಕೂಡಿಸಿದವನ ಬೀಗ ಮಾತ್ರ ಬೀಗವೆನಿಸಿಕೊಳ್ಳಲು ಅರ್ಹ.